ಐವತ್ತನೆಯ ತಲೆ

“ಕೇಳ್ರಪ್ಪೋ ಕೇಳ್ರಿ! ರುಂಡಮಾಲೆಯ ಮೇಲೆ ಅರಸರು ಮೂರು ಒಗಟು ಒಡ್ಡಿದ್ದಾರೆ. ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರ ತಲೆ ದೇವಿಗೆ” ಎಂದು ಊರಲ್ಲಿ ಡಂಗುರ ಸಾರಿದರು.

ಗುಡಿಯ ಕಾಳಿ ವಿಗ್ರಹದ ಕೊರಳ ಮಾಲೆಯಲ್ಲಿ ಕೆತ್ತಿದ ಐವತ್ತು ತಲೆ ಇರಬೇಕು. ಅರಸ ಕಲಿಮಾರಸ ಎಣಿಸಿದಾಗೆಲ್ಲ ನಲವತ್ತೊಂಬತ್ತೇ. ಕೊರತೆಯ ಮಾಲೆಗೆ ದೇವಿ ಮುನಿದಾಳೆಂದು ಅವನಿಗೆ ಭಯ. ಆ ಒಂದು ತಲೆ ಯಾರದೆಂದು ಹೇಳಬಲ್ಲವನನ್ನು ಹುಡುಕಲೆಂದೇ ಈ ಒಗಟುಗಳು. ಅರಸರಿಗೆ ಭಯವಾದರೆ ಸಾಯುವವರು ಬೇರೆಯವರು.

ಸೆಟ್ಟಿಯೊಬ್ಬ ಮೊದಲ ಒಗಟಿಗೇ ಅಸುರರ ತಲೆ ಅಂದ. ನಾಯಕನೊಬ್ಬ ಶತ್ರುಗಳ ತಲೆ ಅಂದ. ಇಬ್ಬರ ತಲೆಯೂ ಹೋಯಿತು. ಮೂರನೆಯವನು ಆಸೆಬುರುಕ ಮಾರ. ಅವನೂ ತಪ್ಪಿ ಸೆರೆಮನೆ ಸೇರಿದ. ಮರುದಿನ ಅವನ ಸರದಿ.

ಮಾರನ ತಮ್ಮ ಕೆಂಚ ದೇವಿಯ ವಿಗ್ರಹಕ್ಕೆ ದಿನಾ ಎಣ್ಣೆ ತಿಕ್ಕುವವನು. ಬೆಳಗಾಗುತ್ತಲೇ ಗುಡಿಯಲ್ಲಿದ್ದ ಅರಸನ ಮುಂದೆ ನಿಂತ. “ನಾನು ಹೇಳ್ತೀನಿ ಬುದ್ಧೀ. ಗೆದ್ದರೆ ನಮ್ಮಣ್ಣನ್ನ ಬಿಡಬೇಕು.”

“ಆಗಲಿ. ಕಡಿದ ತಲೆಗಳು, ಆದರೂ ಲೋಕವೆಲ್ಲ ಮಾತಾಡುವುದು ಅವುಗಳಿಂದಲೇ. ಏನವು?”

“ಅಕ್ಷರಗಳು. ವಿಜಯದಶಮಿ ದಿನ ಪೂಜಾರಪ್ಪ ಒಂದೊಂದು ತಲೆ ಮುಟ್ಟಿ ಮಕ್ಕಳಿಗೆ ಒಂದೊಂದು ಅಕ್ಷರ ಹೇಳಿಕೊಡ್ತಾರೆ.”

“ಹೆಂಡತಿಯ ತಲೆಗಳನ್ನೇ ಪೋಣಿಸಿ ಹಾಕಿಕೊಂಡ ಗಂಡನನ್ನು ಯಾರೂ ಕೊಲೆಗಡುಕ ಅನ್ನುವುದಿಲ್ಲ. ಏಕೆ?”

“ಅವನು ಶಿವ. ಅಮ್ಮನವರು ಜನ್ಮಜನ್ಮಕ್ಕೂ ತೀರಿಕೊಂಡರು, ಅವನು ಸಾಯಲಿಲ್ಲ. ಮರೀಬಾರದು ಅಂತ ಒಂದೊಂದು ಜನ್ಮದ ತಲೆಯನ್ನೂ ಕೊರಳಲ್ಲಿ ಇಟ್ಟುಕೊಂಡ. ಅದು ದುಃಖ ಬುದ್ಧೀ.”

ಅರಸನ ದನಿ ತಗ್ಗಿತು. “ಮಾಲೆಯಲ್ಲಿ ಇಲ್ಲದ ಐವತ್ತನೆಯ ತಲೆ ಯಾರದು?”

“ಯಾರದೂ ಅಲ್ಲ. ಅದು ಅಲ್ಲೇ ಇದೆ. ಹಿಂದಕ್ಕೆ ಕೈ ಹಾಕಿ ನೋಡಿ.”

ವಿಗ್ರಹಕ್ಕೂ ಗೋಡೆಗೂ ನಡುವೆ ಗೇಣು ಸಂದಿ. ಅರಸ ಮಂಡಿಯೂರಿ ಕೈ ತೂರಿಸಿದ. ದೇವಿಯ ಜಡೆಯ ಕೆಳಗೆ, ಎಣ್ಣೆ ಜಿಡ್ಡಿನಲ್ಲಿ, ಪುಟ್ಟ ಮೂಗೊಂದು ಬೆರಳಿಗೆ ತಾಕಿತು. ಅವನು ಅದರ ಕಣ್ಣು, ಬಾಯಿ ತಡವಿ ನೋಡಿದ. ಐವತ್ತನೆಯ ತಲೆ. ಎದುರು ನಿಂತು ಎಣಿಸಿದ್ದ ಲೆಕ್ಕ ಇಬ್ಬರನ್ನು ನುಂಗಿತ್ತು.

“ಹಾಗಾದರೆ ಸತ್ತ ಆ ಇಬ್ಬರು?” ಅರಸ ಕೇಳಿದ.

“ನಮ್ಮಣ್ಣನ್ನ ಬಿಡಿ ಬುದ್ಧೀ” ಅಂದ ಕೆಂಚ.

ಅಣ್ಣ ಬಿಡುಗಡೆಯಾದ. ಅರ್ಧ ರಾಜ್ಯವೂ ಬಂತು. ಸತ್ತವರ ತಲೆಗಳನ್ನು ಮನೆಯವರಿಗೆ ಒಪ್ಪಿಸಬೇಕೆಂದು ಕೆಂಚ ಕೇಳಿಕೊಂಡ, ತಾನೇ ಹೊತ್ತುಕೊಂಡು ಹೋದ. ಸೆಟ್ಟಿಯ ಹೆಂಡತಿ ಗಂಡನ ತಲೆಯನ್ನು ಮಡಿಲಿಗೆ ತೆಗೆದುಕೊಂಡು, ಹಣೆಯ ಧೂಳು ಒರೆಸಿ, ಮೆಲ್ಲಗೆ ಕೇಳಿದಳು:

“ಅಲ್ಲಪ್ಪ, ದಿನಾ ಎಣ್ಣೆ ತಿಕ್ಕೋನು ನೀನು, ಆ ತಲೆ ಹಿಂದೆ ಇರೋದು ನಿನಗೆ ಮೊದಲೇ ಗೊತ್ತಿತ್ತಲ್ಲವಾ?”

ಗೊತ್ತಿತ್ತು. ಹೆದರಿ ಬಾಯಿ ಬಿಟ್ಟಿರಲಿಲ್ಲ, ಸ್ವಂತ ಅಣ್ಣನ ಕುತ್ತಿಗೆಗೆ ಬರುವ ತನಕ. ಮೂರು ಒಗಟು ಬಿಡಿಸಿದ ಕೆಂಚನಿಗೆ ಆ ಹೆಂಗಸಿಗೆ ಹೌದು ಅನ್ನಲು ಬಾಯಿ ಬರಲಿಲ್ಲ.