ಸೂಜಿ ಎತ್ತಿದ ಮೇಲೆ

ಪ್ರೊಫೆಸರ್ ಇಂದುಧರ ಅವರ ಪ್ರಯೋಗಾಲಯಕ್ಕೆ ಫರ್ಜಾನಾ ಹೊಸದಾಗಿ ಸೇರಿದ್ದಳು. ಸಿಲಿಕಾನ್ ಬಿಲ್ಲೆಯ ಮೇಲೆ ಬೆಳೆಸಿದ ತೆಳು ಆಕ್ಸೈಡ್ ಪದರದಿಂದ ಎಷ್ಟು ವಿದ್ಯುತ್ ಸೋರುತ್ತದೆ ಎಂದು ಅಳೆಯುವುದು ಅವಳ ಕೆಲಸ. ಸೋರಿಕೆ ಕಡಿಮೆಯಿದ್ದಷ್ಟೂ ಪದರ ಒಳ್ಳೆಯದು.

ಪದರ ಬೆಳೆಸುತ್ತಿದ್ದವನು ಅವಳಿಗಿಂತ ಹಿರಿಯ ವಿದ್ಯಾರ್ಥಿ ಚನ್ನವೀರ. ವರ್ಷಗಳಿಂದ ಪದರ ಬೆಳೆಯುವ ಕುಲುಮೆಯ ಮುಂದೆಯೇ ಕೂತವನು.

ಒಂದು ದಿನ ಫರ್ಜಾನಾ ಗುರುಗಳ ಬಳಿ ಬಂದಳು.

“ಸರ್, ಚನ್ನವೀರಣ್ಣನ ಪದರ ಸೋರುತ್ತಿದೆ. ಮತ್ತೆ ಮತ್ತೆ ಅಳೆದು ನೋಡಿದೆ. ಅವರಿಗೂ ಹೇಳಿಬಿಟ್ಟೆ.”

“ಏನಂದ?”

“ಕುಲುಮೆ ಆರಿಸಿ ಹೋದರು. ಈ ಕೆಲಸವನ್ನೇ ಬಿಡುತ್ತಾರಂತೆ.”

ಗುರುಗಳು ಎದ್ದು ಅವಳ ಮೇಜಿನ ಬಳಿ ಹೋದರು. ಪದರದ ಮೇಲೆ ಊರಿದ್ದ ಅಳತೆಯ ಸೂಜಿಯನ್ನು ಮೆಲ್ಲಗೆ ಮೇಲೆತ್ತಿದರು. ಈಗ ಅದು ಏನನ್ನೂ ಮುಟ್ಟುತ್ತಿರಲಿಲ್ಲ.

“ಮೀಟರ್ ಓದು.”

ಫರ್ಜಾನಾ ಓದಿದಳು. ಇನ್ನೊಮ್ಮೆ ಬಗ್ಗಿ ನೋಡಿದಳು. ಅಂಕಿ ಮೊದಲಿದ್ದಷ್ಟೇ ಇತ್ತು.

“ಈಗ ಯಾರ ಪದರ ಸೋರುತ್ತಿದೆ?”

ಅವಳ ಮುಖ ಸಪ್ಪಗಾಯಿತು.

ಗುರುಗಳು ಸೂಜಿಯನ್ನು ಹಿಡಿದಿದ್ದ ಪ್ಲಾಸ್ಟಿಕ್ ಆಸರೆಯನ್ನು ಬೆಳಕಿಗೆ ಒಡ್ಡಿದರು. ಮೈತುಂಬ ಬೆರಳ ಗುರುತು.

“ಬರಿಗೈಯಲ್ಲಿ ಮುಟ್ಟಿದ್ದೀಯ. ಇಷ್ಟು ಸಣ್ಣ ವಿದ್ಯುತ್ತಿಗೆ ಬೆವರಿನ ಉಪ್ಪೂ ದಾರಿಯೇ.”

ಫರ್ಜಾನಾ ಗ್ಲೌಸ್ ಹಾಕಿಕೊಂಡು ಅದನ್ನು ಸ್ಪಿರಿಟ್‌ನಲ್ಲಿ ಒರೆಸಿದಳು, ಒಣಗಿಸಿದಳು, ಬಿಲ್ಲೆ, ಸೂಜಿ ಎರಡೂ ಇದ್ದ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಅಂಕಿ ಸೊನ್ನೆಯ ಹತ್ತಿರಕ್ಕೆ ಬಂತು. ಆಗ ಹೊರಗಿನ ತಿರುಪು ತಿರುಗಿಸಿ ಸೂಜಿ ಇಳಿಸಿದಳು. ಅಂಕಿ ಜಿಗಿಯಿತು.

“ಸರ್, ಮತ್ತೆ ಸೋರುತ್ತಿದೆ.”

“ಸುಮ್ಮನೆ ಕೂತು ನೋಡು. ಸೂಜಿ ತಾಗಿದ ಕೂಡಲೇ ಪದರ ಒಂದಿಷ್ಟು ವಿದ್ಯುತ್ ತುಂಬಿಕೊಳ್ಳುತ್ತದೆ, ಅದು ಸೋರಿಕೆಯಲ್ಲ.”

ಅಂಕಿ ಇಳಿಯತೊಡಗಿತು. ಇಳಿದು ಇಳಿದು, ಒರೆಸಿದ ಮೇಲೆ ಸೂಜಿ ಎತ್ತಿದ್ದಾಗ ಎಷ್ಟಿತ್ತೋ ಅಷ್ಟಕ್ಕೇ ಬಂದು ನಿಂತಿತು.

ಫರ್ಜಾನಾ ಚನ್ನವೀರನನ್ನು ಹುಡುಕಿಕೊಂಡು ಹೋದಳು. ಅವನು ಕ್ಯಾಂಟೀನಿನಲ್ಲಿ ಒಬ್ಬನೇ ಕೂತಿದ್ದ. ಎದುರಿಗಿದ್ದ ಚಹಾ ಆರಿಹೋಗಿತ್ತು.

“ತಪ್ಪು ನನ್ನದು ಅಣ್ಣ. ಸೋರಿದ್ದು ನಿಮ್ಮ ಪದರ ಅಲ್ಲ, ನನ್ನ ಸೂಜಿಯ ಆಸರೆ.”

ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಕೇಳಿದ, “ನನ್ನದು ಸೋರೋದೇ ಇಲ್ಲ ಅಂತ ಖಾತ್ರಿನಾ?”

ಫರ್ಜಾನಾ ಗುರುಗಳ ಬಳಿಗೆ ವಾಪಸು ಬಂದಳು.

“ಸರ್, ತಮ್ಮ ಪದರ ಸೋರುವುದೇ ಇಲ್ಲವಾ ಎಂದು ಚನ್ನವೀರಣ್ಣ ಕೇಳುತ್ತಿದ್ದಾರೆ. ಮನಸ್ಸು ತುಂಬಾ ನೊಂದಿದೆ. ಒಂದಿಷ್ಟೂ ಸೋರುವುದಿಲ್ಲ ಎಂದು ಹೇಳಿಬಿಡಲೇ?”

“ಬೇಡಮ್ಮ,” ಎಂದರು ಗುರುಗಳು. “ಏನನ್ನೂ ಮುಟ್ಟದಿದ್ದಾಗಲೂ ಮೀಟರ್ ಅಷ್ಟು ತೋರಿಸುತ್ತದೆ; ಅದಕ್ಕಿಂತ ಸಣ್ಣ ಸೋರಿಕೆ ಅದಕ್ಕೆ ಕಾಣದು. ಸೋರುತ್ತಿದ್ದರೂ ನಮಗೆ ಕಾಣುವಷ್ಟಿಲ್ಲ ಎಂದು ಹೇಳು.”