ಪಚ್ಚೆಕಲ್ಲಿನೊಳಗಿನ ಗರಿಕೆ

ಭೂಮಿಯ ಬಿಸಿ ಇನ್ನೂ ಆರಿರಲಿಲ್ಲ. ಆಗ ಕಲ್ಲಿಗೂ ಬಾಯಿತ್ತು, ಹುಲ್ಲಿಗೂ ಬಾಯಿತ್ತು. ಬೆಂಕಿಗಂತೂ ಬಾಯಿ ಜಾಸ್ತಿ.

ಬೆಟ್ಟದ ಬುಡದಲ್ಲಿ ಮಾನಾಚಾರಿ ಅಂತ ಒಬ್ಬ ಅಕ್ಕಸಾಲಿ. ಭೂಮಿತಾಯಿಗೆ ಮೂಗುತಿ ಮಾಡೋ ಕೆಲಸ ಅವನ ಪಾಲಿಗೆ ಬಂದಿತ್ತು. ಮೂಗುತಿಗೆ ಬೇಕಾದದ್ದು ಒಂದೇ ಕಲ್ಲು.

ಕೆಂಪು ಕಲ್ಲು ಬಂತು, ಕೆಂಡದ ಹಾಗೆ. ನೀಲ ಬಂತು, ನವಿಲಿನ ಕತ್ತಿನ ಹಾಗೆ. ಕೊನೆಗೆ ಇನ್ನೊಂದು ಬಂತು. ಅದಕ್ಕೆ ಬಣ್ಣವೂ ಇಲ್ಲ, ಹೆಸರೂ ಇಲ್ಲ. ಬರೀ ತಿಳಿ. ಆಚಾರಿ ಚಿಮಟದಲ್ಲಿ ಹಿಡಿದು ತಿರುಗಿಸಿದ. ಒಂದು ಗೀರೂ ಇಲ್ಲ.

"ನೀನೇ ಸರಿ ಕಣವ್ವ," ಅಂದ. "ನಾಳೆ ಹೀಗೇ ಬಾ. ಒಳಗೆ ಬಿರುಕು ಬಿತ್ತೋ, ಮೂಗುತಿ ಕೆಂಪಿಗೆ."

ಕಲ್ಲು ಖುಷಿಯಲ್ಲಿ ಬೆಟ್ಟದ ಕಡೆ ಹೊರಟಿತು. ದಾರಿಯಲ್ಲಿ ಕಾಡುಬೆಂಕಿ. ಅದರ ಮುಂದೆ ಒಂದು ಗರಿಕೆ ಕುಡಿ ನಡುಗುತ್ತಿತ್ತು. ಬೆಟ್ಟದಲ್ಲಿ ಉಳಿದಿದ್ದ ಹಸಿರು ಅಷ್ಟೇ.

"ಅಕ್ಕಾ, ನನ್ನ ಒಳಗೆ ಬಿಟ್ಕೊ," ಅಂತು ಗರಿಕೆ.

"ನನಗೆಲ್ಲಿದೆ ಬಾಗಿಲು? ಬಿರಿಯಬೇಕಷ್ಟೆ."

"ಬಿರಿದರೆ ಮೂಗುತಿ ಹೋಯ್ತು, ಮಂಕೇ!" ಬೆಂಕಿ ನಕ್ಕಿತು. "ಆ ಕಡೆ ಸರಿ. ನನಗೆ ಹಸಿವು."

ಮೂಗುತಿಯ ಆಸೆ ಕಲ್ಲಿಗೆ ಬಹಳ ಇತ್ತು. ಆದರೂ ಬಿರಿಯಿತು. ಗರಿಕೆ ಬೇರುಸಮೇತ ಒಳಗೆ ಸೇರಿತು, ಕಲ್ಲು ಮುಚ್ಚಿಕೊಂಡಿತು, ಬೆಂಕಿ ಮೇಲೆ ಹಾದು ಹೋಯಿತು.

ಅವತ್ತು ರಾತ್ರಿ ಮಳೆ ಬಂದ ಮೇಲೆ ಗರಿಕೆ ಹೊರಗೆ ಬಂದು ಬೆಟ್ಟವೆಲ್ಲ ಹಬ್ಬಲು ಹೊರಟಿತು. ಆದರೆ ಅವಸರದಲ್ಲಿ ಬೇರಿನ ಎಳೆಗಳನ್ನೂ ಒಂದಿಷ್ಟು ಬಣ್ಣವನ್ನೂ ಕಲ್ಲಿನಲ್ಲೇ ಬಿಟ್ಟಿತು.

ಮರುದಿನ ಕೆಂಪು ಅಣಕಿಸಿತು: "ಬಂತಪ್ಪಾ ಒಡಕು ಮಡಕೆ!"

ಆಚಾರಿಯ ಹೆಂಡತಿ ಕಾಳಮ್ಮ ಕಲ್ಲನ್ನು ಎತ್ತಿ ನೋಡಿದಳು. "ಏನ್ರೀ, ಇದು ಪಚ್ಚೆ! ಕಣ್ಣಿಗೆ ಎಷ್ಟು ತಂಪು!"

"ತಂಪೇ. ಆದರೆ ಆಡಿದ ಮಾತು ಆಡಿದ್ದೇ," ಅಂದ ಆಚಾರಿ. ಮೂಗುತಿ ಕೆಂಪಿಗೆ ಹೋಯಿತು.

ಒಡವೆಗೆ ಕೂರಿಸುವ ಮುಂಚೆ ಕಲ್ಲುಗಳನ್ನು ಅಂಟುವಾಳದ ನೀರಲ್ಲಿ ಕುದಿಸೋದು ಅವನ ಪದ್ಧತಿ. ಕೆಂಪನ್ನು ಹಾಕಿದ, ನೀಲವನ್ನು ಹಾಕಿದ. ಪಚ್ಚೆಗೆ ಕೈ ಚಾಚಿದ.

"ಬೇಡ ಆಚಾರ್ರೇ. ಕುದಿಸಿದರೆ ಒಡೆದು ಎರಡಾಗ್ತೀನಿ. ಒಳಗಿನ ಗಾಯ ಇನ್ನೂ ಹಸಿ."

ಆಚಾರಿ ಚಾಚಿದ ಕೈ ಹಿಂದೆ ತೆಗೆದ. ತಣ್ಣೀರು ತರಿಸಿ, ಬೆರಳಿಂದ ಮೆಲ್ಲಗೆ ಉಜ್ಜಿ ತೊಳೆದು, ಕಾಳಮ್ಮನ ಓಲೆಗೆ ಕೂರಿಸಿದ.

ಅದಕ್ಕೇ ಮಗಾ, ಬೇರೆ ಒಡವೆಯನ್ನೆಲ್ಲ ಬಿಸಿನೀರಿಗೆ ಹಾಕುವ ಅಕ್ಕಸಾಲಿ ಇವತ್ತಿಗೂ ನಿಮ್ಮಜ್ಜಿಯ ಪಚ್ಚೆ ಓಲೆಯನ್ನು ಮಾತ್ರ ತಣ್ಣೀರಲ್ಲಿ ಬೆರಳಿಂದ ತೊಳೆಯುತ್ತಾನೆ. ಅದರೊಳಗೆ ಕೂದಲಿನಷ್ಟು ಸಣ್ಣಗೆ ಕಾಣೋದು ಗರಿಕೆಯ ಬೇರು.