ಕಟ್ಟೆಯ ಮೇಲೆ ಏಡಿ ಪಕ್ಕಕ್ಕೆ ನಡೆದದ್ದು

೧೯೭೪ನೇ ಇಸವಿ ನವೆಂಬರ್ ೧೭, ಭಾನುವಾರ. "ಅತ್ತೆಯವರೊಂದಿಗೆ ಗಜನಿಯ ಕಟ್ಟೆಯ ಮೇಲೆ ನಡೆದು ಹಳೆಯ ದೋಣಿದಾರಿಯವರೆಗೆ ಹೋದೆ. ಅವರೊಂದು ಕಥೆ ಹೇಳಿದರು" ಎಂದು ನನ್ನ ಡೈರಿಯಲ್ಲಿದೆ. ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಪಾಸಾದವಳು ನಾನು, ಆದರೂ ಅತ್ತೆ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡೆ. ಕೇಳಿ ಮಕ್ಕಳೇ.

ಭೂಮಿಯ ಕೆಸರು ಇನ್ನೂ ಆರದ ಕಾಲ. ಆಗ ಏಡಿ ನೆಟ್ಟಗೆ ನಡೆಯುತ್ತಿತ್ತು. ಮನೆಯಿಂದ ಉಪ್ಪುಹಳ್ಳಕ್ಕೆ ನೆಟ್ಟಗೆ, ಹಳ್ಳದಿಂದ ಮನೆಗೆ ನೆಟ್ಟಗೆ.

ಅಲ್ಲಿಗೆ ಸೋಮಿ ಎಂಬ ಹೆಂಗಸು ಮಕ್ಕಳನ್ನು ಕರೆದುಕೊಂಡು ಬಂದಳು. ಕೆಸರು ಹೊತ್ತು ಹೊತ್ತು ಕಟ್ಟೆ ಹಾಕಿದಳು. ಕಟ್ಟೆಯ ಆಚೆ ಉಪ್ಪುನೀರು, ಈಚೆ ಗದ್ದೆ. ಅದೇ ಗಜನಿ. ಮಳೆ ಬಂದು ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತಿದಳು.

ಕಡಲು ಉಬ್ಬಿ ಭರತ ಬಂದಾಗ ಹಳ್ಳ ಕಟ್ಟೆಗೆ ಹಣೆ ಬಡಿದುಕೊಂಡಿತು. "ಇಲ್ಲೇ ಅಲ್ಲವೇ ನನ್ನ ದಾರಿ? ಗಾಳಿಯೇ, ನೀನು ಕಂಡೆಯಾ?"

"ನನಗೂ ತಿಳಿಯುತ್ತಿಲ್ಲ. ನೀನು ಹರಿಯುತ್ತಿದ್ದಲ್ಲಿ ಈಗ ಪೈರು ತೂಗುತ್ತಿದೆ."

ಹಳ್ಳ ಅತ್ತ ಹೋಯಿತು, ಇತ್ತ ಬಂತು, ಕೊನೆಗೆ ಕಟ್ಟೆಯನ್ನು ಸುತ್ತಿಕೊಂಡು ಹೋಯಿತು.

ಏಡಿಗೆ ಸುತ್ತಲು ಬರುತ್ತಿರಲಿಲ್ಲ. ಅದರ ಮನೆ ಗದ್ದೆಯ ಕಡೆ ಉಳಿದಿತ್ತು. ಹಳ್ಳದಿಂದ ನೆಟ್ಟಗೆ ಬಂತು, ಕಟ್ಟೆ ಅಡ್ಡ ಸಿಕ್ಕಿತು, ಕೊರೆಯಿತು. ತೂತಿನಿಂದ ಉಪ್ಪುನೀರು ಗದ್ದೆಗೆ ನುಗ್ಗಿತು. ಸೋಮಿ ಕೆಸರು ಮೆತ್ತಿ ಮುಚ್ಚಿದಳು. ಮರುದಿನ ಮತ್ತೆ ತೂತು.

"ಏಡಿಯಣ್ಣಾ, ಕಣ್ಣು ಎಲ್ಲಿಟ್ಟಿದ್ದೀಯ ಮಾರಾಯ?"

"ಮುಂದೆ!"

"ಕಗ್ಗ ಸ್ವಲ್ಪ ಉಪ್ಪು ತಾಳುತ್ತದೆ, ಇಷ್ಟೆಲ್ಲ ತಾಳುವುದಿಲ್ಲ. ಈ ತೆನೆ ಹೋದರೆ ಮಕ್ಕಳ ಬಾಯಿಗೆ ಎಂತ ಹಾಕಲಿ? ಕಟ್ಟೆಯ ಮೇಲೆ ನಡೆದು ಆ ತುದಿಯಲ್ಲಿ ಇಳಿ."

ಏಡಿಗೆ ತಲೆ ಕೆಟ್ಟಿತು. "ನನ್ನ ಮುಖ ಮನೆಯ ಕಡೆಗಿದೆಯಲ್ಲ ಸೋಮಕ್ಕ? ಮುಖ ಇದ್ದ ಕಡೆಗೆ ಹೋಗದೆ ಮತ್ತೆಲ್ಲಿಗೆ ಹೋಗಲಿ?"

"ಮುಖ ಅಲ್ಲೇ ಇರಲಿ. ಕಾಲು ಮಾತ್ರ ಪಕ್ಕಕ್ಕೆ ಹಾಕು. ಕೊಯ್ಲಾಗುವವರೆಗೆ ಸಾಕು. ಆಮೇಲೆ ಕಟ್ಟೆಯ ತೂಬು ತೆಗೆಯುತ್ತೇನೆ, ನೀನೂ ಹಳ್ಳವೂ ಹಳೆಯ ದಾರಿಯಲ್ಲೇ ಹೋಗಿ."

ಸೋಮಿ ಅದರ ಚಿಪ್ಪು ಹಿಡಿದು ಪಕ್ಕಕ್ಕೆ ತಳ್ಳಿದಳು. ಕಾಲಿಗೆ ಕಾಲು ತೊಡರಿ ಏಡಿ ಮಗುಚಿ ಬಿತ್ತು.

ಹಳ್ಳ ನಕ್ಕಿತು. "ಬರುತ್ತಿದ್ದೀಯೋ, ಹೋಗುತ್ತಿದ್ದೀಯೋ?"

"ನನಗೂ ಗೊತ್ತಿಲ್ಲ! ನಿನ್ನ ದಾರಿ ನಿನಗೆ ಸಿಕ್ಕಿತಾ? ಸುಮ್ಮನಿರು!"

ಮಳೆಗಾಲವೆಲ್ಲ ಏಡಿ ಹಾಗೆಯೇ ಪಕ್ಕಕ್ಕೆ ನಡೆಯಿತು. ಕಟ್ಟೆ ಉಳಿಯಿತು. ತೆನೆ ತುಂಬಿತು.

ಕೊಯ್ಲಾಯಿತು. ಸೋಮಿ ಮಾತಿನಂತೆ ತೂಬು ತೆಗೆದಳು. ಹಳ್ಳ ಸೀಗಡಿ, ಮೀನುಗಳೊಡನೆ ತನ್ನ ಹಳೆಯ ದಾರಿಗೆ ನುಗ್ಗಿತು.

"ಇನ್ನು ನೆಟ್ಟಗೆ ಮನೆಗೆ ಹೋಗು, ಏಡಿಯಣ್ಣಾ."

ಏಡಿ ಮನೆಯ ಕಡೆ ಮುಖ ಮಾಡಿ ಕಾಲೆತ್ತಿತು. ಕಾಲು ಪಕ್ಕಕ್ಕೆ ಬಿತ್ತು. ಮತ್ತೆ ಎತ್ತಿತು. ಮತ್ತೆ ಪಕ್ಕಕ್ಕೆ. ಮನೆ ಎದುರಿಗೇ ಕಾಣುತ್ತಿತ್ತು. ಸೋಮಿ ಬೆನ್ನಿಗೆ ಕೈಕೊಟ್ಟು ಮುಂದಕ್ಕೆ ದೂಡಿ ನೋಡಿದಳು. ಆಗಲಿಲ್ಲ.

ಆ ವರ್ಷ ಸೋಮಿಯ ಮಕ್ಕಳು ಹೊಟ್ಟೆತುಂಬ ಗಂಜಿ ಉಂಡರು. ಅದಕ್ಕೆ ಏಡಿ ತನ್ನ ನೆಟ್ಟನೆಯ ನಡಿಗೆಯನ್ನು ಕೊಟ್ಟಿತು, ಅದು ತಿರುಗಿ ಬರಲಿಲ್ಲ. ಇವತ್ತಿಗೂ ಕಟ್ಟೆಯ ಮೇಲೆ ನಿಮಗೆ ಎದುರಾಗುವ ಏಡಿ ನಿಮ್ಮನ್ನೇ ನೋಡುತ್ತ ಪಕ್ಕಕ್ಕೆ ಹೋಗುತ್ತದೆ.